ಬೂಸ್ಟ್ ಏರಿ ತಕ್ಷಣ ಬೀಳುತ್ತಿದೆ: ರೀಮ್ಯಾಪ್ ಆದ ಲೀನಿಯಾ ಟಿ-ಜೆಟ್, ಟರ್ಬೋ ಹೋಗಿದೆಯಾ?

ಶಿರಾಡಿ ಸವಾರ, ಹಾಸನ

ಎಲ್ಲರಿಗೂ ನಮಸ್ಕಾರ. ನನ್ನ ಕಾರು 2011ರ ಫಿಯಟ್ ಲೀನಿಯಾ ಟಿ-ಜೆಟ್, 1.4 ಲೀಟರ್ ಟರ್ಬೋ ಪೆಟ್ರೋಲ್. ಏಳು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಈಗ 1,18,000 ಕಿಲೋಮೀಟರ್ ಓಡಿದೆ. ಕಾಫಿ ಕ್ಯೂರಿಂಗ್ ಕೆಲಸದ ಮೇಲೆ ವಾರಕ್ಕೊಮ್ಮೆಯಾದರೂ ಮಂಗಳೂರಿಗೆ ಹೋಗಿ ಬರುತ್ತೇನೆ. ಬೆಳಿಗ್ಗೆ ಶಿರಾಡಿ ಘಾಟಿ ಇಳಿಯಬೇಕು, ಸಂಜೆ ಹತ್ತಬೇಕು. ಈ ಕಾರನ್ನು ಇನ್ನೂ ಇಟ್ಟುಕೊಂಡಿರುವುದೇ ಆ ಹತ್ತುವ ದಾರಿಗಾಗಿ. ಕಂಪನಿ ಲೆಕ್ಕದಲ್ಲೇ 2200 ಆರ್‌ಪಿಎಂಗೆ 207 ನ್ಯೂಟನ್ ಮೀಟರ್ ಟಾರ್ಕ್. ಮೂರನೇ ಗೇರಿನಲ್ಲಿ ಕಾಲಿಟ್ಟರೆ ಸಾಕು, ಲಾರಿ ದಾಟಿ ಮುಂದೆ ಇರುತ್ತಿತ್ತು.

ಕಾರಿಗೆ ಮಾಡಿಸಿರುವುದು ಇಷ್ಟು: ಮೂರು ವರ್ಷದ ಹಿಂದೆ ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸುವುದು), ಕೋನ್ ಏರ್ ಫಿಲ್ಟರ್, ಹೊರಗಡೆ ಗಾಳಿ ಬಿಡುವ ಬ್ಲೋ ಆಫ್ ವಾಲ್ವ್. ಹೋದ ವರ್ಷ, ಟರ್ಬೋ ಗಾಳಿಯನ್ನು ತಣ್ಣಗಾಗಿಸುವ ಇಂಟರ್‌ಕೂಲರಿನ ಹಳೇ ರಬ್ಬರ್ ಪೈಪುಗಳು ಗಟ್ಟಿಯಾಗಿದ್ದವು ಅಂತ ಸಿಲಿಕಾನ್ ಪೈಪ್ ಹಾಕಿಸಿದೆ. ಡ್ಯಾಶ್‌ಬೋರ್ಡ್ ಮೇಲೆ ಬೂಸ್ಟ್ ಗೇಜ್ ಇದೆ, ಅಂದರೆ ಟರ್ಬೋ ಎಂಜಿನ್‌ಗೆ ತಳ್ಳುವ ಗಾಳಿಯ ಒತ್ತಡ ತೋರಿಸುವ ಮೀಟರ್. ರೀಮ್ಯಾಪ್ ಆದ ಮೇಲೆ ಹಾಸನದಲ್ಲಿ 1.1 ಬಾರ್‌ವರೆಗೂ ಹೋಗುತ್ತಿತ್ತು.

ಮೂರು ವಾರದಿಂದ ಪಿಕಪ್ ಇಲ್ಲ. ಆಕ್ಸಲರೇಟರ್ ನಿಧಾನವಾಗಿ ಒತ್ತಿಕೊಂಡು ಹೋದರೆ ಏನೂ ಗೊತ್ತಾಗುವುದಿಲ್ಲ. ಪೂರ್ತಿ ಒತ್ತಿದರೆ ಮಾತ್ರ ಮುಳ್ಳು 0.9ರ ತನಕ ಜಿಗಿಯುತ್ತದೆ, ಆಮೇಲೆ ತಟ್ಟನೆ 0.5ರ ಹತ್ತಿರ ಬಿದ್ದು ಅಲ್ಲಿಂದ ಇನ್ನೂ ಇಳಿಯುತ್ತದೆ. ಬೀಳುವ ಹೊತ್ತಿಗೆ ಎಡಗಡೆಯಿಂದ ಉಸಿರು ಬಿಟ್ಟಂಥ ಒಂದು ಶಬ್ದ. ಕಿಟಕಿ ಹಾಕಿದ್ದರೆ ಅದು ಕೇಳಿಸುವುದೇ ಇಲ್ಲ. ಹೊಗೆ ಇಲ್ಲ. ಚೆಕ್ ಎಂಜಿನ್ ಲೈಟ್ ಬಂದಿಲ್ಲ. ಆಯಿಲ್ ಕಡಿಮೆಯಾಗಿಲ್ಲ. ಹೋದ ಶನಿವಾರ ಗುಂಡ್ಯ ದಾಟಿ ಹತ್ತುವಾಗ ಟ್ಯಾಂಕರ್ ಒಂದನ್ನು ದಾಟಲು ಬಲಕ್ಕೆ ಬಂದೆ. ಅರ್ಧದಲ್ಲಿ ಬೂಸ್ಟ್ ಬಿತ್ತು. ಎದುರಿಗೆ ಬಸ್ಸು. ಬ್ರೇಕ್ ಹಾಕಿ ಮತ್ತೆ ಟ್ಯಾಂಕರ್ ಹಿಂದೆ ಸೇರಿಕೊಂಡೆ. ಹೆಂಡತಿ ಮಗು ಕಾರಿನಲ್ಲಿದ್ದರು. ಅವತ್ತಿನಿಂದ ಈ ಕಾರಿನಲ್ಲಿ ಯಾರನ್ನೂ ದಾಟುವ ಧೈರ್ಯ ಬರುತ್ತಿಲ್ಲ.

ಫಿಲ್ಟರ್ ತೊಳೆದೆ, ಪ್ಲಗ್ ಹೊಸದು ಹಾಕಿಸಿದೆ, ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿದೆ. ಒಂದು ಗ್ಯಾರೇಜಿನಲ್ಲಿ ಹತ್ತು ನಿಮಿಷ ಓಡಿಸಿ ನೋಡಿ "ಟರ್ಬೋ ಹೋಗಿದೆ, ಬದಲಿಸಬೇಕು, 85,000 ಆಗುತ್ತೆ" ಅಂದರು. ಬಾನೆಟ್ ಒಳಗೆ ಕೈ ಹಾಕಿ ಏನನ್ನೂ ಮುಟ್ಟಿ ನೋಡಲಿಲ್ಲ. ಅಷ್ಟು ದುಡ್ಡು ಹಾಕುವ ಮುಂಚೆ ಗೊತ್ತಿರುವವರ ಮಾತು ಕೇಳೋಣ ಅಂತ ಬರೆಯುತ್ತಿದ್ದೇನೆ. ನಿಜಕ್ಕೂ ಟರ್ಬೋನಾ?

ಕಲ್ಪತರು ಡ್ರೈವ್, ತುಮಕೂರು

ನನ್ನ ಡೀಸೆಲ್ ಕಾರಿಗೂ ಹೀಗೇ ಆಗಿತ್ತು ಸರ್. ಟರ್ಬೋ ಒಳಗಿನ ರೆಕ್ಕೆಗಳಿಗೆ ಮಸಿ ಹಿಡಿದು ಸಿಕ್ಕಿಹಾಕಿಕೊಂಡಿದ್ದವು. ಬೂಸ್ಟ್ ಜಾಸ್ತಿಯಾಗಿ ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್, ತಾನೇ ಶಕ್ತಿ ಕಡಿಮೆ ಮಾಡುತ್ತಿತ್ತು. ಕೀ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಸರಿಯಾಗಿ ಓಡುತ್ತಿತ್ತು. ನಿಮ್ಮದಕ್ಕೆ ಹಾಗೇನಾದರೂ ಇದೆಯಾ?

ಶಿರಾಡಿ ಸವಾರ

ಇಲ್ಲ ಸರ್. ಕೀ ಆಫ್ ಮಾಡಿದರೂ ಅಷ್ಟೇ, ಮಾಡದಿದ್ದರೂ ಅಷ್ಟೇ. ಪ್ರತಿ ಸಲವೂ ಮೊದಲು ಏರುತ್ತದೆ, ಆಮೇಲೆ ಬೀಳುತ್ತದೆ.

ಗ್ಯಾರೇಜ್ ಅಣ್ಣ, ಹುಬ್ಬಳ್ಳಿ

ತಮ್ಮಾ, ಮೊದಲು ಸಮಾಧಾನ ಮಾಡಿಕೊಳ್ರಿ. ನಾನು ಇಪ್ಪತ್ತೆರಡು ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ಟರ್ಬೋ ಸರಿ ಇದ್ದೂ ಬದಲಾಯಿಸಿದ ಗಾಡಿಗಳು ನನ್ನ ಹತ್ತಿರ ಬೇಕಾದಷ್ಟು ಬಂದಿವೆ. ಹೊಸ ಟರ್ಬೋ ಹಾಕಿದ ಮೇಲೂ ಅದೇ ಕಂಪ್ಲೇಂಟ್ ಇಟ್ಟುಕೊಂಡು ಬರುತ್ತಾರೆ. ಆ ಮನುಷ್ಯನ ಮುಖ ನೋಡಲು ಆಗುವುದಿಲ್ಲ.

ನೀವು ಬರೆದಿದ್ದರಲ್ಲೇ ಒಂದು ಮುಖ್ಯವಾದ ಮಾತು ಇದೆ. ಮುಳ್ಳು 0.9ಕ್ಕೆ ಏರುತ್ತದೆ ಅಂದಿರಿ. ಟರ್ಬೋ ಸತ್ತಿದ್ದರೆ ಆ 0.9 ಎಲ್ಲಿಂದ ಬಂತು? ಗಾಳಿ ತಳ್ಳುವ ಶಕ್ತಿ ಅದಕ್ಕೆ ಇದೆ. ತಳ್ಳಿದ ಗಾಳಿ ಎಂಜಿನ್‌ಗೆ ಸೇರುವ ಮುಂಚೆ ಎಲ್ಲೋ ಹೋಗುತ್ತಿದೆ, ಇಲ್ಲ ಯಾರೋ ಅದನ್ನು ಬೇಕಂತಲೇ ಇಳಿಸುತ್ತಿದ್ದಾರೆ.

ಬೂಸ್ಟ್ ಎಷ್ಟು ಕಡಿಮೆ ಅಂತ ನೋಡುವುದಕ್ಕಿಂತ ಹೇಗೆ ಕಡಿಮೆಯಾಗುತ್ತದೆ ಅಂತ ನೋಡಬೇಕು. ನಿಮ್ಮ ಗಾಡಿಯಲ್ಲಿ ವೇಸ್ಟ್‌ಗೇಟ್ ಅಂತ ಒಂದು ಬಾಗಿಲಿದೆ, ಅದು ತೆರೆದರೆ ಬೂಸ್ಟ್ ಮಿತಿಯಲ್ಲಿ ನಿಲ್ಲುತ್ತದೆ. ಬೂಸ್ಟ್ ಗಾಳಿಯೇ ಆಕ್ಚುಯೇಟರ್ ಡಬ್ಬಿಯೊಳಗೆ ಹೋಗಿ, ಸ್ಪ್ರಿಂಗನ್ನು ಒತ್ತಿ, ಆ ಬಾಗಿಲು ತೆಗೆಯುತ್ತದೆ. ಜಾಸ್ತಿ ಬೂಸ್ಟ್ ಬೇಕಾದಾಗ ಇಸಿಯು ಸೊಲೆನಾಯ್ಡ್ ಅನ್ನುವ ಕರೆಂಟ್ ವಾಲ್ವ್ ಮೂಲಕ ಆ ಗಾಳಿಯಲ್ಲಿ ಸ್ವಲ್ಪ ಕದ್ದು ಬಿಡುತ್ತದೆ, ಬಾಗಿಲು ತಡವಾಗಿ ತೆಗೆಯುತ್ತದೆ. ಸೊಲೆನಾಯ್ಡ್ ಕೆಟ್ಟರೆ ಕದಿಯುವವರು ಇರುವುದಿಲ್ಲ. ಆಗ ಬೂಸ್ಟ್ ಸ್ಪ್ರಿಂಗಿನ ಲೆಕ್ಕಕ್ಕೆ ಬಂದು ಗೆರೆ ಎಳೆದ ಹಾಗೆ ನಿಲ್ಲುತ್ತದೆ. ಏರಿ ಬೀಳುವುದಿಲ್ಲ. ನಿಮ್ಮದು ಹಾಗಿಲ್ಲ.

ಇನ್ನೊಂದು. ಆಕ್ಚುಯೇಟರಿನ ಸಣ್ಣ ಹೋಸ್ ಕಿತ್ತುಹೋದರೆ ಬೂಸ್ಟ್ ಕಡಿಮೆಯಾಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಉಲ್ಟಾ. ಡಬ್ಬಿಗೆ ಗಾಳಿ ಹೋಗದಿದ್ದರೆ ಬಾಗಿಲು ತೆಗೆಯುವುದೇ ಇಲ್ಲ, ಬೂಸ್ಟ್ ಮಿತಿ ಮೀರುತ್ತದೆ. ಆಗ ಇಸಿಯು ಹೆದರಿ ಥ್ರಾಟಲ್ ಮುಚ್ಚುತ್ತದೆ, ಓಡಿಸುವವನಿಗೆ ಶಕ್ತಿ ಹೋದಂತೆ ಅನಿಸುತ್ತದೆ. ತುಮಕೂರಿನ ಸರ್ ಹೇಳಿದ್ದು ಆ ಜಾತಿಯದು. ಅದಕ್ಕೆ ಪಿ0234 ಕೋಡ್ ಬರುತ್ತದೆ. ಬೂಸ್ಟ್ ಸಾಲದಿದ್ದರೆ ಪಿ0299. ನಿಮಗೆ ಎರಡೂ ಬಂದಿಲ್ಲ. ಆದರೆ ರೀಮ್ಯಾಪ್ ಮಾಡುವವರು ಕೆಲವರು ಈ ಕೋಡ್‌ಗಳನ್ನು ಬಂದ್ ಮಾಡಿಬಿಡುತ್ತಾರೆ. ಹಂಗಾಗಿ ಲೈಟ್ ಬಂದಿಲ್ಲ ಅನ್ನುವುದನ್ನು ನಂಬಿಕೊಂಡು ಕೂರಬೇಡ್ರಿ.

ಏರಿ ಬೀಳುವುದಕ್ಕೆ ನನಗೆ ಎರಡು ಅನುಮಾನ. ಒಂದು, ಹೊರಗಿನಿಂದ ಹಾಕಿಸಿದ ಬ್ಲೋ ಆಫ್ ವಾಲ್ವ್. ಅದರ ಸ್ಪ್ರಿಂಗ್ ಸಡಿಲವಾದರೂ, ಒಳಗಿನ ಡಯಾಫ್ರಮ್ ಹರಿದರೂ ಒತ್ತಡ ಏರಿದ ಮೇಲೆ ತಾನಾಗಿ ತೆರೆದುಕೊಳ್ಳುತ್ತದೆ. ಎರಡು, ಪೈಪಿನಲ್ಲಿ ಸೀಳು. ತಣ್ಣಗಿದ್ದಾಗ ಮುಚ್ಚಿಕೊಂಡಿದ್ದು ಒತ್ತಡ ಬಂದಾಗ ಬಾಯಿ ಬಿಡುವಂಥದ್ದು.

ಗೇಜ್ ನೋಡಿ ಹೇಳುವುದು ಬೇಡ. ಗಾಡಿ ಕಂಪ್ಯೂಟರಿನ ಲೆಕ್ಕ ಫೋನಿಗೆ ಕಳಿಸುವ ಓಬಿಡಿ ಡಾಂಗಲ್ ಹಾಕಿ ಲಾಗ್ ತೆಗೆದು ಹಾಕ್ರಿ. ಮೂರನೇ ಗೇರ್, 2000ದಿಂದ ಪೂರ್ತಿ ಒತ್ತಿ. ಖಾಲಿ ರಸ್ತೆಯಲ್ಲಿ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು. ಘಾಟಿಯಲ್ಲಿ ಮಾತ್ರ ಈ ಪ್ರಯೋಗ ಬೇಡ.

ಶಿರಾಡಿ ಸವಾರ

ಅಣ್ಣಾ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಆರಕ್ಕೆ ಬೈಪಾಸಿನಲ್ಲಿ ತೆಗೆದ ಲಾಗ್ ಇದು. ತಮ್ಮ ಪಕ್ಕದಲ್ಲಿ ಕೂತು ಫೋನ್ ಹಿಡಿದಿದ್ದ. ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನ ಲೆಕ್ಕ, ಕಿಲೋಪ್ಯಾಸ್ಕಲ್‌ನಲ್ಲಿ.

ಕೀ ಆನ್, ಎಂಜಿನ್ ಆಫ್: 91
2000 ಆರ್‌ಪಿಎಂ: 128
2500: 168
2700: 184
2900: 149
3500: 143
4500: 138

ಥ್ರಾಟಲ್ ಕೊನೆಯ ತನಕ ಪೂರ್ತಿ ತೆರೆದೇ ಇತ್ತು. ಒಳಹೋಗುವ ಗಾಳಿಯ ಉಷ್ಣತೆ 41 ಡಿಗ್ರಿ. ಐಡಲ್‌ನಲ್ಲಿ ಫ್ಯೂಯೆಲ್ ಟ್ರಿಮ್ (ಇಸಿಯು ಪೆಟ್ರೋಲಿಗೆ ಮಾಡುವ ತಿದ್ದುಪಡಿ, ಶೇಕಡಾದಲ್ಲಿ) +2, +3 ಅಷ್ಟೇ. ರೀಮ್ಯಾಪ್ ಆದಾಗಿನ ಹಳೇ ಲಾಗಿನಲ್ಲಿ ಇದೇ ರಸ್ತೆಯಲ್ಲಿ 3000ಕ್ಕೆ 200 ಬಂದು, 4500ಕ್ಕೂ 190 ಇತ್ತು.

ಒಂದು ಅನುಮಾನ. ಕೀ ಆನ್ ಮಾಡಿದಾಗ 91 ತೋರಿಸುತ್ತಿದೆ. ಮಂಗಳೂರಿನಲ್ಲಿ 101 ತೋರಿಸಿದ್ದು ನೆನಪಿದೆ. ಸೆನ್ಸರೇ ಕೆಟ್ಟಿರಬಹುದಾ?

ಚಾಮುಂಡಿ ತಪ್ಪಲು, ಮೈಸೂರು

ನಾನು ಎಂಜಿನ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಸೆನ್ಸರ್ ಚೆನ್ನಾಗಿದೆ ಸರ್, ಅದರ ಮೇಲೆ ಅನುಮಾನ ಬೇಡ. ಎಂಜಿನ್ ನಿಂತಿರುವಾಗ ಮ್ಯಾಪ್ ಸೆನ್ಸರ್ ತೋರಿಸುವುದು ಹೊರಗಿನ ಗಾಳಿಯ ಒತ್ತಡವನ್ನು. ಮಂಗಳೂರು ಸಮುದ್ರದ ಪಕ್ಕ ಇದೆ, ಅಲ್ಲಿ 101. ಹಾಸನ ಸುಮಾರು 950 ಮೀಟರ್ ಎತ್ತರದಲ್ಲಿದೆ, ಅಲ್ಲಿ 90, 91 ಬರಲೇಬೇಕು. ಬೆಂಗಳೂರಿನಲ್ಲೂ ಹೆಚ್ಚುಕಮ್ಮಿ ಅಷ್ಟೇ. ಘಾಟಿ ಹತ್ತುವಾಗ ಅಲ್ಲಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಬರೀ ಕೀ ಆನ್ ಇಟ್ಟು ನೋಡಿದರೆ ಈ ಸಂಖ್ಯೆ ಇಳಿಯುವುದು ಕಾಣುತ್ತದೆ. ಸೆನ್ಸರ್ ಸರಿ ಇದೆಯಾ ಅಂತ ನೋಡಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ, ಒಂದು ಪೈಸೆ ಖರ್ಚಿಲ್ಲ.

ಇದರಿಂದಲೇ ಒಂದು ಗೊಂದಲವೂ ಆಗುತ್ತದೆ. ಡ್ಯಾಶ್‌ಬೋರ್ಡ್ ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅಂತ. ಒಳಗೆ ಅದೇ 200 ಇದ್ದರೂ ಮಂಗಳೂರಿನಲ್ಲಿ ಗೇಜ್ 1.0 ಅನ್ನುತ್ತದೆ, ಹಾಸನದಲ್ಲಿ 1.1 ಅನ್ನುತ್ತದೆ. ಮೇಲಿನ ಊರಿನಲ್ಲಿ ಅಷ್ಟೇ ಗಾಳಿ ಕೊಡಲು ಟರ್ಬೋ ಜಾಸ್ತಿ ತಿರುಗಬೇಕು. ಹಾಗಾಗಿ ಹೋಲಿಸುವಾಗ ಯಾವಾಗಲೂ ಮ್ಯಾಪ್ ಸೆನ್ಸರಿನ ಪೂರ್ತಿ ಸಂಖ್ಯೆಯನ್ನೇ ಹೋಲಿಸಿ. ಕೆಲವು ಫೋನ್ ಆ್ಯಪ್‌ಗಳು ಬೂಸ್ಟ್ ಲೆಕ್ಕ ಹಾಕುವಾಗ ಎಲ್ಲ ಊರಿಗೂ ಒಂದೇ 101 ಕಳೆಯುತ್ತವೆ. ಅದನ್ನು ನೋಡಿ ಗಾಬರಿಯಾಗಬೇಡಿ.

ಈಗ ನಿಮ್ಮ ಲಾಗ್. 2700ಕ್ಕೆ 184, ಬರೀ 200 ಆರ್‌ಪಿಎಂ ಆದ ಮೇಲೆ 149. ಥ್ರಾಟಲ್ ಮುಚ್ಚಿಲ್ಲ, ಅಂದರೆ ಇಸಿಯು ಹೆದರಿ ಥ್ರಾಟಲ್‌ನಿಂದ ಶಕ್ತಿ ಕಡಿಮೆ ಮಾಡುತ್ತಿಲ್ಲ. ಗಾಳಿ ಅಷ್ಟೊಂದು ಬಿಸಿಯಾಗಿಲ್ಲ. ಐಡಲ್ ಟ್ರಿಮ್ ಸರಿ ಇದೆ, ಥ್ರಾಟಲ್ ಆದ ಮೇಲಿನ ಭಾಗದಲ್ಲಿ ಲೀಕ್ ಇರುವ ಸೂಚನೆ ಕಾಣುತ್ತಿಲ್ಲ. ಉಳಿದಿದ್ದು ಟರ್ಬೋ ಮತ್ತು ಥ್ರಾಟಲ್ ನಡುವಿನ ದಾರಿ. ಐಡಲ್‌ನಲ್ಲಿ ಅಲ್ಲಿ ಒತ್ತಡವೇ ಇರುವುದಿಲ್ಲ, ಅದಕ್ಕೇ ಅಲ್ಲಿನ ಲೀಕ್ ಐಡಲ್ ಲೆಕ್ಕದಲ್ಲಿ ಸಿಗುವುದಿಲ್ಲ.

ಹೊಗೆ ಯಾಕೆ ಇಲ್ಲ ಅನ್ನುವುದಕ್ಕೂ ಕಾರಣ ಇದೆ. ಫಿಲ್ಟರ್ ಹತ್ತಿರವೇ ಗಾಳಿ ಅಳೆಯುವ ಏರ್ ಫ್ಲೋ ಸೆನ್ಸರ್ ಇರುವ ಕಾರಾಗಿದ್ದರೆ, ಅಳೆದ ಗಾಳಿ ದಾರಿಯಲ್ಲಿ ಸೋರಿಹೋಗಿ ಪೆಟ್ರೋಲ್ ಜಾಸ್ತಿಯಾಗುತ್ತಿತ್ತು. ಕಪ್ಪು ಹೊಗೆ ಬರುತ್ತಿತ್ತು. ನಿಮ್ಮದರಲ್ಲಿ ಮ್ಯಾನಿಫೋಲ್ಡ್‌ನಲ್ಲೇ ಒತ್ತಡ ಅಳೆದು ಪೆಟ್ರೋಲ್ ಕೊಡುತ್ತದೆ. ಸೋರಿದ ಮೇಲೆ ಉಳಿದ ಗಾಳಿಗೆ ತಕ್ಕಷ್ಟೇ ಪೆಟ್ರೋಲ್. ಮಿಶ್ರಣ ಸರಿಯಾಗೇ ಇರುತ್ತದೆ, ಶಕ್ತಿ ಮಾತ್ರ ಇರುವುದಿಲ್ಲ. ಇಂಥ ಕಾರಿನಲ್ಲಿ ಲೀಕ್ ಸದ್ದಿಲ್ಲದೆ ತಿಂಗಳುಗಟ್ಟಲೆ ಇರಬಹುದು.

ಸರಿ ಮಾಡಿಸುವ ತನಕ ಪೂರ್ತಿ ಆಕ್ಸಲರೇಟರ್ ಒತ್ತಬೇಡಿ ಪ್ಲೀಸ್. ಸೋರುವುದನ್ನು ತುಂಬಲು ಟರ್ಬೋ ಮಿತಿ ಮೀರಿ ತಿರುಗುತ್ತಿರುತ್ತದೆ. ಚೆನ್ನಾಗಿರುವ ಟರ್ಬೋ ನಿಜಕ್ಕೂ ಹೋಗುವುದು ಆಗಲೇ.

ಗ್ಯಾರೇಜ್ ಅಣ್ಣ

ಮೈಸೂರಿನ ಅಕ್ಕಾರು ಹೇಳಿದ್ದು ನೂರಕ್ಕೆ ನೂರು ಸರಿ. ಈಗ ಕೆಲಸ ಸಣ್ಣದಾಯಿತು.

ಕಂಪನಿಯಿಂದ ಬಂದ ಹಳೇ ವಾಲ್ವ್ ಇಟ್ಟಿದ್ದೀರಾ? ಇದ್ದರೆ ಬ್ಲೋ ಆಫ್ ವಾಲ್ವ್ ತೆಗೆದು ಅದನ್ನೇ ಹಾಕಿ ಒಂದು ಲಾಗ್ ತೆಗೀರಿ. ಬದಲಾವಣೆ ಇಲ್ಲ ಅಂದರೆ ಪ್ರೆಶರ್ ಟೆಸ್ಟ್.

ಅದಕ್ಕೆ ದೊಡ್ಡ ಮಷಿನ್ ಏನೂ ಬೇಡ. ಪ್ಲಂಬಿಂಗ್ ಅಂಗಡಿಯಲ್ಲಿ ಏರ್ ಫಿಲ್ಟರ್ ಪೈಪಿನ ಬಾಯಿಗೆ ಕೂರುವ ಪಿವಿಸಿ ಎಂಡ್ ಕ್ಯಾಪ್ ತಗೊಳ್ರಿ. ನಡುವೆ ತೂತು ಹಾಕಿ ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸ್ರಿ. ಫಿಲ್ಟರ್ ತೆಗೆದು ಆ ಜಾಗಕ್ಕೆ ಇದನ್ನು ಹಾಕಿ ಕ್ಲಾಂಪ್ ಬಿಗಿ ಮಾಡ್ರಿ. ಅದೇ ಪೈಪಿಗೆ ಎಂಜಿನ್ ಒಳಗಿನ ಆವಿ ಹೊರತರುವ ಬ್ರೀದರ್ ಹೋಸ್ ಸೇರಿರುತ್ತದೆ. ಅದನ್ನು ಕಿತ್ತು ಎರಡೂ ಕಡೆ ಮುಚ್ಚಲೇಬೇಕು. ಮರೆತರೆ ಗಾಳಿ ಎಂಜಿನ್ ಹೊಟ್ಟೆಗೆ ನುಗ್ಗಿ ಆಯಿಲ್ ಸೀಲ್ ಎಬ್ಬಿಸುತ್ತದೆ. ಪಂಕ್ಚರ್ ಅಂಗಡಿಯ ಗಾಳಿ ಸಾಕು, 12 ಪಿಎಸ್‌ಐ ದಾಟಬೇಡ್ರಿ. ಕ್ಯಾಪಿನ ಎದುರು ಮುಖ ಇಟ್ಟು ನಿಲ್ಲಬೇಡ್ರಿ. ಅದು ಹಾರಿದರೆ ಹಲ್ಲು ಉಳಿಯುವುದಿಲ್ಲ.

ಆಮೇಲೆ ಸೋಪ್ ನೀರು. ಪ್ರತಿ ಜಾಯಿಂಟ್, ಪ್ರತಿ ಕ್ಲಾಂಪ್, ಇಂಟರ್‌ಕೂಲರಿನ ಎರಡೂ ತುದಿ. ಎಂಜಿನ್ ಒಳಗಿಂದ ಸ್ವಲ್ಪ ಗಾಳಿ ಹೋಗುತ್ತಲೇ ಇರುತ್ತದೆ, ಯಾವುದೋ ಒಂದು ವಾಲ್ವ್ ತೆರೆದೇ ಇರುತ್ತದಲ್ಲ. ಹಂಗಾಗಿ ಮುಳ್ಳು ನಿಧಾನ ಇಳಿದರೆ ಹೆದರಬೇಡ್ರಿ. ನೀರು ಹಚ್ಚುವ ಮುಂಚೆ ಒಂದು ಸಲ ಟಾರ್ಚ್ ಹಿಡಿದು ಪೈಪುಗಳ ಅಡಿಭಾಗ ನೋಡ್ರಿ. ಬೂಸ್ಟ್ ಗಾಳಿಯಲ್ಲಿ ಯಾವಾಗಲೂ ಚೂರು ಆಯಿಲ್ ಆವಿ ಇರುತ್ತದೆ. ಎಲ್ಲಿ ಸೋರುತ್ತದೋ ಅಲ್ಲಿ ಧೂಳು ಮೆತ್ತಿ ಕರಿ ಜಿಡ್ಡು ಕಟ್ಟಿರುತ್ತದೆ.

ಏರ್ ಫಿಲ್ಟರ್ ಕಡೆಯ ಪೈಪ್ ಬಿಚ್ಚಿದಾಗ ಟರ್ಬೋ ಚಕ್ರವನ್ನೂ ಬೆರಳಲ್ಲಿ ಹಿಡಿದು ನೋಡ್ರಿ. ಎಂಜಿನ್ ತಣ್ಣಗಿರಲಿ. ಅಕ್ಕಪಕ್ಕ ಕೂದಲೆಳೆಯಷ್ಟು ಆಡಿದರೆ ಸಹಜ. ಹಿಂದೆಮುಂದೆ ಆಡಬಾರದು. ಚಕ್ರದ ರೆಕ್ಕೆ ಗೋಡೆಗೆ ಉಜ್ಜಿದ ಗುರುತು ಇರಬಾರದು.

ಶಿರಾಡಿ ಸವಾರ

ಭಾನುವಾರ ಪೂರ್ತಿ ಇದೇ ಕೆಲಸ. ನಡೆದಿದ್ದನ್ನು ಬರೆಯುತ್ತೇನೆ, ಮುಂದೆ ಯಾರಿಗಾದರೂ ಉಪಯೋಗವಾಗಲಿ.

ಹಳೇ ವಾಲ್ವ್ ಅಟ್ಟದ ಮೇಲಿನ ಡಬ್ಬದಲ್ಲಿತ್ತು. ಅದನ್ನು ಹಾಕಿ ಓಡಿಸಿದೆ. ಅದೇ ಕಥೆ, 2700ಕ್ಕೆ 183, ಆಮೇಲೆ 150. ಬ್ಲೋ ಆಫ್ ವಾಲ್ವ್ ಮೇಲಿನ ಅನುಮಾನ ಹೋಯಿತು.

ಟರ್ಬೋ ಚಕ್ರ ಹಿಡಿದು ನೋಡಿದೆ. ಹಿಂದೆಮುಂದೆ ಒಂದಿಷ್ಟೂ ಆಡಲಿಲ್ಲ. ರೆಕ್ಕೆಗಳು ಹೊಳೆಯುತ್ತಿದ್ದವು. ಅದನ್ನು ಮುಟ್ಟಿ ನೋಡಿದ ಆ ಕ್ಷಣ ನನಗೆ ಎಷ್ಟು ನೆಮ್ಮದಿಯಾಯಿತು ಅಂದರೆ, ಅಲ್ಲೇ ಬಂಪರ್ ಪಕ್ಕ ಕೂತು ಒಂದು ಕಾಫಿ ಕುಡಿದೆ.

ಕ್ಯಾಪ್, ವಾಲ್ವ್ ಎಲ್ಲ ಸೇರಿ 140 ರೂಪಾಯಿ. ನಮ್ಮ ಬೀದಿ ಕೊನೆಯ ಪಂಕ್ಚರ್ ಅಂಗಡಿಯವರು ತಮ್ಮ ಸಣ್ಣ ಕಂಪ್ರೆಸರ್ ತಂದುಕೊಟ್ಟರು. ಬ್ರೀದರ್ ಮುಚ್ಚಿ 10 ಪಿಎಸ್‌ಐ ಹಾಕಿದೆವು. ಸೋಪ್ ನೀರು ಎಲ್ಲ ಕಡೆ ಹಚ್ಚಿದೆ. ಏನೂ ಇಲ್ಲ. ಎಲ್ಲೂ ಒಂದು ಗುಳ್ಳೆ ಬರಲಿಲ್ಲ. ಮತ್ತೆ ಬೇಜಾರಾಯಿತು.

ಆಗ ಅಣ್ಣ ಹೇಳಿದ್ದ ಕರಿ ಜಿಡ್ಡು ನೆನಪಾಯಿತು. ಟಾರ್ಚ್ ಹಿಡಿದು ಮಲಗಿಕೊಂಡು ನೋಡಿದೆ. ಬ್ಯಾಟರಿ ಟ್ರೇ ಕೆಳಗಿನ ಕಬ್ಬಿಣದ ಪಟ್ಟಿಯ ಅಂಚಿನಲ್ಲಿ, ಸರಿಯಾಗಿ ಹೆಬ್ಬೆಟ್ಟಿನ ಗುರುತಿನಷ್ಟು ಜಾಗ ಕಪ್ಪಗೆ ಜಿಡ್ಡಾಗಿತ್ತು. ಸುತ್ತ ಎಲ್ಲ ಒಣ ಧೂಳು, ಅಲ್ಲಿ ಮಾತ್ರ ಒದ್ದೆ. ಅದರ ಎದುರಿಗೇ ಸಿಲಿಕಾನ್ ಪೈಪ್ ಹಾದುಹೋಗುತ್ತದೆ. ನಡುವೆ ಒಂದು ಬೆರಳು ಸಂದು ಇದೆ. ಮುಟ್ಟುತ್ತಿಲ್ಲ. ಮುಟ್ಟದ ಪೈಪಿನ ಎದುರು ಜಿಡ್ಡು ಹೇಗೆ ಬಂತು?

ಪಂಕ್ಚರ್ ಅಂಗಡಿಯವರೇ ಅಂದರು, "ಎಂಜಿನ್ ಅಲ್ಲಾಡಿದಾಗ ಮುಟ್ಟುತ್ತೇನೋ ನೋಡಿ ಸಾರ್." ಒಂದು ಮರದ ಹಲಗೆ ತಂದು ಎಂಜಿನ್ನಿಗೆ ಆನಿಸಿ ಅವರು ಹಿಂದಕ್ಕೆ ಒತ್ತಿದರು. ನಾನು ಪೈಪಿನ ಅಡಿ ಬೆರಳಿಟ್ಟಿದ್ದೆ. ಮೊದಲು ತಣ್ಣಗೆ ಗಾಳಿ ಬೆರಳಿಗೆ ಬಡಿಯಿತು. ಆಮೇಲೆ ಸೋಪ್ ನೀರು ಹಾಕಿದರೆ ಹಾಲು ಉಕ್ಕಿದ ಹಾಗೆ ನೊರೆ. ಹಲಗೆ ಬಿಟ್ಟರೆ ನಿಂತುಹೋಗುತ್ತದೆ. ಒತ್ತಿದರೆ ಉಕ್ಕುತ್ತದೆ. ಐದಾರು ಸಲ ಹಾಗೇ ಮಾಡಿ ನೋಡಿದೆವು, ನಂಬಲು ಆಗಲಿಲ್ಲ.

ಪೈಪ್ ಬಿಚ್ಚಿದೆ. ಅಡಿಯಲ್ಲಿ ಚಂದ್ರನ ಚೂರಿನಂತೆ ಬಾಗಿದ ಒಂದು ಸೀಳು, ಉದ್ದ ನಾಲ್ಕು ಸೆಂಟಿಮೀಟರ್. ನೇರ ಇಟ್ಟರೆ ತುಟಿ ಮುಚ್ಚಿದ ಹಾಗೆ ಮುಚ್ಚಿಕೊಳ್ಳುತ್ತದೆ, ಗೀರು ಬಿದ್ದಂತೆ ಮಾತ್ರ ಕಾಣುತ್ತದೆ. ಸ್ವಲ್ಪ ಬಗ್ಗಿಸಿದರೆ ಒಳಗೆ ಬೆಳಕು ಕಾಣುತ್ತದೆ.

ಗ್ಯಾರೇಜ್ ಅಣ್ಣ

ಶಾಬಾಶ್ ತಮ್ಮಾ! ಆ ಪಂಕ್ಚರ್ ಅಂಗಡಿಯವರಿಗೆ ನನ್ನ ನಮಸ್ಕಾರ ಹೇಳ್ರಿ.

ಪೈಪ್ ಒಂದೇ ಬದಲಿಸಿ ಬಿಡಬೇಡ್ರಿ. ಬೆರಳು ಸಂದು ಇದ್ದರೂ ಮುಟ್ಟುತ್ತಿದೆ ಅಂದರೆ ಎಂಜಿನ್ ಫೌಂಡೇಶನ್ ರಬ್ಬರ್ ಹೋಗಿದೆ. ಕೆಳಗಡೆ ಎಂಜಿನ್ ತಿರುಚುವುದನ್ನು ತಡೆಯುವ ಒಂದು ಫೌಂಡೇಶನ್ ಇರುತ್ತದೆ, ಅದನ್ನು ನೋಡ್ರಿ. ಎಂಜಿನ್ ಅಡ್ಡ ಇರುವ ಗಾಡಿಯಲ್ಲಿ ಚಕ್ರಕ್ಕೆ ಹೋಗುವ ಅಷ್ಟೂ ಎಳೆತ ಅದರ ಮೇಲೆ ಬೀಳುತ್ತದೆ. ಸಣ್ಣ ಗೇರಿನಲ್ಲಿ ಇನ್ನೂ ಜಾಸ್ತಿ. ನೀವು ರೀಮ್ಯಾಪ್ ಮಾಡಿಸಿ ಎಳೆತ ಹೆಚ್ಚಿಸಿದಿರಿ, ಫೌಂಡೇಶನ್ ಹದಿಮೂರು ಹದಿನಾಲ್ಕು ವರ್ಷದ್ದು. ನಿಧಾನ ಒತ್ತಿದಾಗ ಚೆನ್ನಾಗಿದ್ದು ಪೂರ್ತಿ ಒತ್ತಿದಾಗ ಮಾತ್ರ ಬೂಸ್ಟ್ ಬೀಳುತ್ತಿದ್ದುದು ಇದಕ್ಕೇ. 184 ಬಂತು, ಎಂಜಿನ್ ತಿರುಚಿತು, ಸೀಳು ಬಾಯಿ ಬಿಟ್ಟಿತು.

ಚಾಮುಂಡಿ ತಪ್ಪಲು, ಮೈಸೂರು

ಓದಿ ತುಂಬಾ ಖುಷಿಯಾಯಿತು. ಹೊಸ ಪೈಪ್ ಹಾಕಿದ ಮೇಲೆ ಅದೇ ರಸ್ತೆ, ಅದೇ ಗೇರ್, ಅದೇ ಹೊತ್ತಿನಲ್ಲಿ ಲಾಗ್ ತೆಗೆದು ಹಾಕಿ. ಮತ್ತೆ ಕೀ ಆನ್ ಸಂಖ್ಯೆ ಮರೆಯಬೇಡಿ.

ಶಿರಾಡಿ ಸವಾರ

ಅಣ್ಣ ಹೇಳಿದ್ದೇ ಆಗಿತ್ತು. ಕೆಳಗಿನ ಫೌಂಡೇಶನ್ನಿನ ರಬ್ಬರ್ ಎರಡು ಹೋಳಾಗಿ ಬರೀ ಕಬ್ಬಿಣ ಕಬ್ಬಿಣಕ್ಕೆ ಬಡಿಯುತ್ತಿತ್ತು. ಫಿಯಟ್ ಬಿಡಿಭಾಗ ಈಗ ಸುಲಭವಾಗಿ ಸಿಗುವುದಿಲ್ಲ. ಹನ್ನೊಂದು ದಿನ ಕಾದೆ. ಫೌಂಡೇಶನ್, ಸಿಲಿಕಾನ್ ಪೈಪ್, ಬೋಲ್ಟ್ ಇರುವ ಒಳ್ಳೆ ಕ್ಲಾಂಪ್ ನಾಲ್ಕು, ಕೂಲಿ, ಎಲ್ಲ ಸೇರಿ 7,600 ರೂಪಾಯಿ ಆಯಿತು. ಬ್ಯಾಟರಿ ಟ್ರೇ ಪಟ್ಟಿಯ ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಹಳೇ ಪೈಪಿನ ತುಂಡೊಂದನ್ನು ಸೀಳಿ ಅದರ ಮೇಲೆ ತೊಡಿಸಿದ್ದೇನೆ. ಬ್ಲೋ ಆಫ್ ವಾಲ್ವ್ ಮತ್ತೆ ಹಾಕಲಿಲ್ಲ, ಕಂಪನಿಯದೇ ಇರಲಿ ಅನಿಸಿತು.

ಇವತ್ತಿನ ಲಾಗ್. ಕೀ ಆನ್ 91. 2000ಕ್ಕೆ 141, 2500ಕ್ಕೆ 186, 3000ಕ್ಕೆ 199, 3500ಕ್ಕೆ 198, 4500ಕ್ಕೆ 190.

ಶನಿವಾರ ಮಂಗಳೂರಿಗೆ ಹೋಗಿದ್ದೆವು. ವಾಪಸ್ ಬರುವಾಗ ಗುಂಡ್ಯ ದಾಟಿದ ಮೇಲೆ ಮಳೆ. ಮುಂದೆ ಎರಡು ಲಾರಿ. ದಾರಿ ನೇರ ಸಿಗುವ ತನಕ ಹಿಂದೆಯೇ ಇದ್ದೆ. ಆಮೇಲೆ ಮೂರನೇ ಗೇರ್ ಹಾಕಿ ಒತ್ತಿದೆ. ಮುಳ್ಳು ಏರಿತು, ಅಲ್ಲೇ ನಿಂತಿತು. ಹಿಂದಿನ ಸೀಟಿನಲ್ಲಿ ಮಗಳು ನಿದ್ದೆ ಮಾಡುತ್ತಿದ್ದಳು, ಎದ್ದೇಳಲಿಲ್ಲ.